ಭಾರ ಬಿದ್ದ ಮೇಲೆ ಬಿಗಿಯಬೇಕಾದ ಬೋಲ್ಟು

ನಿಮ್ಮ ಗಾಡಿಯಲ್ಲಿ ಪಕ್ಕಕ್ಕೆ ಕೂತು ಬರುತ್ತಿದ್ದವರು ಬರುವುದನ್ನೇ ನಿಲ್ಲಿಸಿದಾಗ, ಕಾರಣವನ್ನು ನೀವು ಎಲ್ಲಿ ಹುಡುಕಿದಿರಿ?

ನಾನು ರಸ್ತೆಯಲ್ಲಿ ಹುಡುಕಿದೆ. ಹೆಂಡತಿಯ ಬೆನ್ನುನೋವು ಎಷ್ಟೋ ವಾಸಿಯಾಗಿದ್ದರೂ, ಗುಂಡಿಗೊಮ್ಮೆ ನಮ್ಮ ಹಳೆಯ ಕಾರು ಕೊಡುತ್ತಿದ್ದ ‘ಟಕ್’ ಎಂಬ ಪೆಟ್ಟನ್ನು ಅವಳಿಂದ ತಾಳಲಾಗುತ್ತಿರಲಿಲ್ಲ. ಅಫಜಲಪುರದ ನಮ್ಮ ಮನೆಯಿಂದ ಕೊಳಕೂರಿಗೆ, ಅವಳನ್ನು ಸಾಕಿ ಬೆಳೆಸಿದ ಅಕ್ಕನ ಮನೆಗೆ, ಹೋಗುವುದು ನಿಂತೇಹೋಯಿತು. ಹೊಲದಲ್ಲಿ ಎಳೆಜೋಳದ ತೆನೆ ಸುಡುವ ಕಾಲ ಬಂದಾಗ ಅಕ್ಕ ಫೋನು ಮಾಡುತ್ತಿದ್ದಳು: “ಸೀತನಿ ಸುಡಾಕತ್ತೇವಿ, ಬಾ ಬೇ.” ಎರಡು ಚಳಿಗಾಲವೂ ಇವಳ ಉತ್ತರ ಒಂದೇ: “ಮುಂದಿನ ವರ್ಷ ಬರ್ತೇನಿ.”

ನಾನು ಆಳಂದದಲ್ಲಿ, ಜೇವರ್ಗಿಯಲ್ಲಿ ರಸ್ತೆಗಳ ದುರವಸ್ಥೆಯ ಬಗ್ಗೆ ಭಾಷಣ ಮಾಡಿ ಒಬ್ಬನೇ ಮರಳುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದಲ್ಲಿ ನಿಂತು ನನ್ನ ವಾದವನ್ನು ಮುರಿಯುತ್ತಿದ್ದವಳು ಅವಳು. ಮದುವೆಯ ನಂತರ ಆ ಕೆಲಸವನ್ನು ಎಡಗಡೆಯ ಸೀಟಿನಿಂದ ಮುಂದುವರಿಸಿದ್ದಳು. ಈಗ ಅಲ್ಲಿ ರಸ್ತೆ ದುರಸ್ತಿಯ ಮನವಿಪತ್ರಗಳ ಕಟ್ಟು ಇತ್ತು. ಒಳ್ಳೆಯ ವಾದವೊಂದು ಹೊಳೆದಾಗ ರೂಢಿಯಂತೆ ಆ ಕಡೆ ತಿರುಗಿ, ಮತ್ತೆ ರಸ್ತೆಯತ್ತ ನೋಡುತ್ತಿದ್ದೆ.

“ರಸ್ತಾ ಆಗೋತನ ನಾ ಕಾಯಬೇಕೇನ್ರಿ? ಗಾಡಿ ಕೆಳಗ ಒಮ್ಮೆ ಬಗ್ಗಿ ನೋಡ್ರಿ” ಎಂದವಳೂ ಅವಳೇ.

ಬಗ್ಗಿದೆ. ಮುಂದಿನ ಗಾಲಿಗಳನ್ನು ಗಾಡಿಯ ಮೈಗೆ ಹಿಡಿದಿಡುವ ಲೋವರ್ ಆರ್ಮುಗಳ ಬುಡದಲ್ಲಿ ಪೆಟ್ಟು ತಡೆಯುವ ರಬ್ಬರಿನ ಬುಷ್‌ಗಳು ಬಿರಿದು, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಜಾಕ್ ಏರಿಸಿ, ಆರ್ಮು ಬಿಚ್ಚಿ, ಹಳೆಯ ಬುಷ್‌ಗಳನ್ನು ಬಿಗಿದು ಹಿಡಿಯುವ ವೈಸಿನಲ್ಲಿ ಒತ್ತಿ ತೆಗೆದು, ಸೋಪಿನ ನೀರು ಸವರಿ ಹೊಸವನ್ನು ಕೂರಿಸಿದೆ. ಗಾಲಿಗಳು ತೂಗಾಡುತ್ತಿರುವಾಗಲೇ ಬೋಲ್ಟುಗಳನ್ನು ಬಲವಾಗಿ ಬಿಗಿದೆ. ಎರಡೇ ತಿಂಗಳಿಗೆ ‘ಟಕ್’ ಮರಳಿ ಬಂತು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ನೆರೆಮನೆಯ ಕಾಕಾ ನೋಡಿ ನಕ್ಕರು. “ಗಾಲಿ ತೂಗ್ಯಾಡೋವಾಗ ಬಿಗದೀರಿ. ನೆಲಕ್ಕ ಇಳಿಸಿದ ಕೂಡ್ಲೇ ರಬ್ಬರ್ ತಿರುಚ್ಕೊಂಡು ಹರದದ. ಭಾಷಣ ಹ್ಯಾಂಗರ ಮಾಡ್ರಿ ಸರ್, ಇದಕ್ಕ ಮಾತ್ರ ಮೊದಲು ಭಾರ ಬೀಳಬೇಕು.”

ಮತ್ತೆ ಹೊಸ ಬುಷ್ ಹಾಕಿದೆವು. ಈ ಸಲ ಬೋಲ್ಟುಗಳನ್ನು ಸಡಿಲವಾಗಿಟ್ಟು, ಮುಂದಿನ ಗಾಲಿಗಳನ್ನು ದಪ್ಪ ದಿಮ್ಮಿಗಳ ಮೇಲೆ ಇಳಿಸಿ, ಹಿಂದಿನವಕ್ಕೆ ಕಲ್ಲು ಕೊಟ್ಟೆವು. ಕಾಕಾ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯತ್ತ ತಿರುಗಿದರು. “ದಿನಾ ಇರೋ ಭಾರನೇ ಇರ್ಲಿ. ನೀವು ಬಂದು ಕುಂಡ್ರಿ ಬಾಯಾರ.”

ಅವಳು ಮನವಿಪತ್ರಗಳನ್ನು ಹಿಂದಿನ ಸೀಟಿಗೆ ಎಸೆದು, ಬೆನ್ನಿಗೆ ದಿಂಬು ಕೊಟ್ಟು ಕೂತಳು. ಗಾಡಿ ಎಡಕ್ಕೆ ಒಂದಿಷ್ಟು ತಗ್ಗಿತು. ಕೆಳಗೆ ಮಲಗಿದ್ದ ನಾನು ಅದನ್ನೇ ನೋಡುತ್ತ ಉಳಿದೆ. ಎರಡು ವರ್ಷ ನನ್ನ ಗಾಡಿಗೆ ಆ ತಗ್ಗು ಇರಲಿಲ್ಲ.

“ಏನ್ರಿ, ಕೆಳಗ ಭಾಷಣ ಬರಿಯಾಕತ್ತೀರೇನು? ಲಗೂ ಬಿಗೀರಿ.”

ಬಿಗಿದೆ.

ಸಂಜೆ ಚೌಡಾಪುರದವರೆಗೆ ಹೋದೆವು. ರಸ್ತೆ ಹಾಗೆಯೇ ಇತ್ತು. ಅದರ ಹೋರಾಟವನ್ನು ನಾನು ಬಿಟ್ಟಿಲ್ಲ. ಪೆಟ್ಟು ಮಾತ್ರ ಇರಲಿಲ್ಲ. ಮರಳುವಾಗ ಅವಳು ಕೊಳಕೂರಿಗೆ ಫೋನು ಮಾಡಿದಳು.

“ಅಕ್ಕಾ, ಐತವಾರ ಬರ್ತೇವಿ.”

“ಈಗ ಸೀತನಿ ಎಲ್ಲಿ ಸಿಗ್ತದ ಬೇ? ರಾಶಿ ಮುಗದದ.”

“ನಿನ್ನ ನೋಡಾಕ ಬರ್ತೇನಿ. ಸೀತನಿ ಬ್ಯಾಡ.”

ಹಾಗೆಂದವಳು, ಊರು ಬರುವವರೆಗೂ ಜೋಳ ಕೊಯ್ದ ಹೊಲಗಳನ್ನೇ ನೋಡುತ್ತ ಕೂತಿದ್ದಳು.

ನಿಮ್ಮ ಪಕ್ಕದ ಸೀಟು ಖಾಲಿಯಾಗಿದ್ದರೆ, ಅಲ್ಲಿ ಕೂರುತ್ತಿದ್ದವರು ಏಕೆ ಬರುತ್ತಿಲ್ಲವೆಂದು ದಯವಿಟ್ಟು ಇವತ್ತೇ ಅವರನ್ನು ಕೇಳಿ. ಅನಂತರ ಗಾಡಿಯ ಕೆಳಗೆ ಬಗ್ಗಿ ನೋಡಿ.