ಒರಿಜಿನಲ್ ಕೈಬಿಡಬ್ಯಾಡವ್ವ

ಆಂಧ್ರದ ಗಡಿಯೂರು ಮಡಕಶಿರಾದ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಗುಮಾಸ್ತೆ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಮಾತನ್ನು ದಿನಕ್ಕೆ ಐವತ್ತು ಸಲ ಹೇಳುತ್ತ ಬಂದಿದ್ದೇನೆ: "ಒರಿಜಿನಲ್ ತೋರಿಸು, ಜೆರಾಕ್ಸ್ ಕೊಡು." ಈ ಚಟ ಎಷ್ಟು ಬಲಿತಿದೆಯೆಂದರೆ, ಒಮ್ಮೆ ಮದುವೆಮನೆಯಲ್ಲಿ ಬೀಗಿತ್ತಿಯ ಕೊರಳ ಸರ ನೋಡಿ ಬಾಯಿತಪ್ಪಿ "ಒರಿಜಿನಲ್ಲಾ?" ಎಂದು ಕೇಳಿಬಿಟ್ಟೆ. ಆಮೇಲೆ ಆ ಪಂಕ್ತಿಯಲ್ಲಿ ನನಗೆ ಹೋಳಿಗೆ ಬಡಿಸಲು ಯಾರೂ ಬರಲಿಲ್ಲ. ಇರಲಿ. ಈ ಜಿಲ್ಲೆಯಲ್ಲಿ ಒರಿಜಿನಲ್ ಎಂಬ ಪದದ ಅರ್ಥ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲವೆಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆಯನ್ನು ಒಂದು ಕಾರು ಬಂದು ಮುರಿಯಿತು.

ಕಾರು ಎಂದ ಕೂಡಲೇ ನೀವು ಕಣ್ಣಮುಂದೆ ತಂದುಕೊಂಡಿರಲ್ಲ, ಅದಲ್ಲ ಇದು. ಎರಡೇ ಬಾಗಿಲು, ಎರಡೇ ಸೀಟು, ಬಿಚ್ಚಿ ಮಡಚಬಹುದಾದ ಕ್ಯಾನ್ವಾಸಿನ ಚಾವಣಿ, ಕುಳ್ಳ ಮೈ, ಉದ್ದ ಮೂತಿ. ಪರದೇಶದಲ್ಲಿ ಹುಟ್ಟಿದ ಹಳೆಯ ಸ್ಪೋರ್ಟ್ಸ್ ಕಾರು. ಬಳ್ಳಾರಿಯ ಸಾಹುಕಾರರೊಬ್ಬರ ಹಿತ್ತಿಲಲ್ಲಿ ಕೆಟ್ಟು ನಿಂತು, ಕೋಳಿಗಳು ಕಾವು ಕೂರುವ ಜಾಗವಾಗಿತ್ತು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಅಂಗಡಿ ಇಟ್ಟಿದ್ದ ನಮ್ಮಪ್ಪ ಎರಡು ಹೊಲಿಗೆ ಮಷೀನು ತರುತ್ತೇನೆಂದು ಬಳ್ಳಾರಿಗೆ ಹೋದವರು, ಲಾರಿಯ ಹಿಂದೆ ಈ ಕಾರನ್ನು ಕಟ್ಟಿಸಿ ಎಳೆಸಿಕೊಂಡು ಬಂದರು. ಅವ್ವ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಕಾರಿನೊಳಗಿಂದ ಎರಡು ಮೊಟ್ಟೆ ಸಿಕ್ಕಿದವು, ಅವ್ವ ನಕ್ಕಳು.

ಆರು ತಿಂಗಳು ರಿಪೇರಿ ಮಾಡಿಸಿ ಅಪ್ಪ ಅದನ್ನು ರಸ್ತೆಗಿಳಿಸಿದರು. ಮೊದಲ ಸವಾರಿ ಬೊಮ್ಮನಹಾಳ್ ಕಡೆಗೆ. ಎಡಗಡೆ ಸೀಟಿನಲ್ಲಿ ನಾನು, ಎಂಟು ವರ್ಷದವಳು. ಚಾವಣಿ ಮಡಚಿದ್ದರು. ಕಾಲುವೆ ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರೆಲ್ಲ ನೆಟ್ಟಗಾಗಿ ನಿಂತು ನೋಡಿದರು. ಒಬ್ಬಾಕೆ ಸೀರೆ ಎತ್ತಿಕಟ್ಟಿ ಬದುವಿನ ಮೇಲೆ ಓಡಿಬಂದು ಕೂಗಿದಳು: "ಯಣ್ಣಾ, ನಿಂದರ್ರಿ! ನಿಮ್ಮ ಕಾರಿನ ಮ್ಯಾಲಿಂದು ಎಲ್ಲೋ ಬಿದ್ದೈತ್ರಿ!"

ಅಪ್ಪ ಗಾಡಿ ನಿಲ್ಲಿಸಿ ಅಷ್ಟೇ ಗಂಭೀರವಾಗಿ, "ಹೌದೇನವ್ವಾ? ಸಿಕ್ಕರ ಎತ್ತಿಡ್ರಿ, ಬರೋವಾಗ ಇಸ್ಕಂತೀನಿ" ಎಂದರು. ವಾಪಸು ಬರುವಾಗ ಚಾವಣಿ ಹಾಕಿಕೊಂಡೇ ಬಂದೆವು. ಆಕೆ ಕೈ ಬೀಸಿ "ಸಿಕ್ತಾ?" ಎಂದಳು. ಆ ಸಂಜೆಯ ಗಾಳಿ ಈಗಲೂ ಒಮ್ಮೊಮ್ಮೆ ನನ್ನ ಮುಖಕ್ಕೆ ಬಡಿಯುತ್ತದೆ, ಆಫೀಸಿನ ಫ್ಯಾನಿನ ಕೆಳಗೆ ಕೂತಾಗಲೂ.

ಪರದೇಶದ ಕಾರಿಗೆ ರಾಯದುರ್ಗದಲ್ಲಿ ಬಿಡಿಭಾಗ ಎಲ್ಲಿ ಸಿಗಬೇಕು? ಕೋಳಿಗಳು ಕೆದರಿಹಾಕಿದ್ದ ಚರ್ಮದ ಸೀಟನ್ನು ಅಪ್ಪ ಕಿತ್ತೆಸೆದು, ತಮ್ಮ ಅಂಗಡಿಯ ಜೀನ್ಸ್ ಬಟ್ಟೆಯಲ್ಲಿ ಹೊಸದು ಹೊಲಿದರು. ಕಿತ್ತಳೆ ದಾರದ ಜೋಡಿ ಹೊಲಿಗೆ, ಮೂಲೆಗೆ ತಾಮ್ರದ ಗುಂಡಿ. ಕೈಗೆ ಅಭ್ಯಾಸವಾಗಿತ್ತೋ ಏನೋ, ಸೀಟಿನ ಪಕ್ಕದಲ್ಲಿ ಪ್ಯಾಂಟಿನದೇ ಜೇಬನ್ನೂ ಇಟ್ಟುಬಿಟ್ಟರು. ನನ್ನ ಕಡೆಯ ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ ಇರುತ್ತಿತ್ತು. ಗೇರಿನ ಹಿಡಿ ಒಡೆದಾಗ ನನ್ನ ಬುಗುರಿಯ ಮೊಳೆ ಕಿತ್ತು, ಬುಗುರಿಯನ್ನೇ ಅಲ್ಲಿ ಕೂರಿಸಿದರು. ನಾನು ಅತ್ತೆ. ಆಮೇಲೆ ಗೇರು ಹಾಕುವಾಗಲೆಲ್ಲ ನನ್ನ ಬುಗುರಿಯಿಂದಲೇ ಕಾರು ಓಡುತ್ತದೆಂದು ಗೆಳತಿಯರೆದುರು ಜಂಬ ಕೊಚ್ಚಿದೆ. ಹಿಂದುಗಡೆ ಅಂತರ ಕಾಯ್ದುಕೊಳ್ಳಿ ಎಂಬರ್ಥದ ಒಂದು ತಗಡು ಬೇಕು ಎಂದು ಬೋರ್ಡು ಬರೆಯುವವನಿಗೆ ಹೇಳಿದ್ದರು. ಅವನು ನಮ್ಮೂರ ಮರ್ಯಾದೆಯಲ್ಲಿ ದಪ್ಪಕ್ಷರದಲ್ಲಿ "ದೂರ ಇರ್ರಿ" ಎಂದು ಬರೆದುಕೊಟ್ಟ. ಬೈದರೂ ಬಹುವಚನ ಬಿಡದ ಊರು ನಮ್ಮದು.

ಮುಂದೆ ನಾನು ಮದುವೆಯಾಗಿ ಮಡಕಶಿರಾಕ್ಕೆ ಬಂದೆ. ಒಂದು ದಿನ ಹೇಳದೆ ಕೇಳದೆ ಅಪ್ಪ ಕಾರು ಓಡಿಸಿಕೊಂಡು ಕಲ್ಯಾಣದುರ್ಗ, ಅಮರಾಪುರದ ಮೇಲೆ ನಮ್ಮ ಮನೆಗೆ ಬಂದಿಳಿದರು. "ಎಡಗಾಲು ಕ್ಲಚ್ ತುಳಿಯಾಕ ಬರವಲ್ದವ್ವ. ನಿನ್ನ ಹತ್ರ ಇರ್ಲಿ ಬಿಡು" ಎಂದು, ಊಟ ಮಾಡಿ, ಬೀಗದ ಕೈ ನನ್ನ ಕೈಗಿತ್ತು ಬಸ್ಸು ಹತ್ತಿದರು. ಕಾರನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅವರು ನೋಡಲಿಲ್ಲ ಎಂಬುದನ್ನು ನಾನು ನೋಡಿದೆ. ಅದಾಗಿ ಕೆಲವೇ ತಿಂಗಳಿಗೆ ಅಪ್ಪ ತೀರಿಕೊಂಡರು. ಅಂದಿನಿಂದ ಆರು ವರ್ಷ ಕಾರು ನಮ್ಮ ರೇಷ್ಮೆಹುಳು ಸಾಕುವ ಮನೆಯ ಅರ್ಧ ಜಾಗ ಹಿಡಿದು ನಿಂತಿತ್ತು.

ನಮ್ಮ ಯಜಮಾನರದು ಹಿಪ್ಪುನೇರಳೆ ತೋಟ. ಅವರು ಪಾಪ, ಆರು ವರ್ಷ ತಡೆದರು. ಆಮೇಲೆ ಒಂದು ಬೆಳಿಗ್ಗೆ, "ಅಲ್ಲ ಕಣೇ, ಹುಳ ಮೇಯ್ಸೋ ಮನೇಲಿ ಇದನ್ನ ಇಕ್ಕಂಡು ಕುಂತಿದೀಯಲ್ಲ, ಇದೇನು ನಾಳೆ ಗೂಡು ಕಟ್ತೈತಾ?" ಎಂದರು. ಕಾರಿಗೆ ಇಲಿ ಸೇರಿತ್ತು, ತಳಕ್ಕೆ ತುಕ್ಕು ಹತ್ತಿತ್ತು. ಇಟ್ಟುಕೊಂಡರೆ ನನ್ನ ಕಣ್ಣೆದುರೇ ಕರಗಿಹೋಗುತ್ತದೆ, ಮಾರಿದರೆ ಅಪ್ಪನನ್ನೇ ಎರಡನೆಯ ಸಲ ಕಳಿಸಿದಂತಾಗುತ್ತದೆ. ಕೊನೆಗೆ ನಮ್ಮ ಕಾಲೇಜಿನ ಲೆಕ್ಚರರೊಬ್ಬರ ಕೈಯಲ್ಲಿ ಫೋನಿನಲ್ಲಿ ಜಾಹೀರಾತು ಹಾಕಿಸಿದೆ.

ಎರಡೇ ದಿನಕ್ಕೆ ತುಮಕೂರಿನಿಂದ ಕರೆ ಬಂತು. ಹಲ್ಲಿನ ಡಾಕ್ಟರು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವುದು, ಸರಿಮಾಡಿಸುವುದು, ಮಾರುವುದು ಅವರ ಹುಚ್ಚು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಎಷ್ಟು ಒರಿಜಿನಲ್ ಇದೆ?"

ಇಪ್ಪತ್ತೆರಡು ವರ್ಷದ ಅನುಭವ ನನ್ನದು! ಎದೆಯುಬ್ಬಿಸಿ ಹೇಳಿದೆ: "ಎಲ್ಲಾ ಒರಿಜಿನಲ್ಲೇ ಸಾರ್. ಒಂದೂ ಜೆರಾಕ್ಸ್ ಇಲ್ಲ."

ಆ ಕಡೆ ಕುರ್ಚಿ ಸರಿಸಿ ಎದ್ದ ಸದ್ದು: "ಎಲ್ಲಾ? ನಾಳೆಯೇ ಬರ್ತೀನಿ."

ಬಂದರು, ಸಿಹಿ ಡಬ್ಬಿ ಸಮೇತ. ನಾನು ಫೈಲು ತೆಗೆದಿಟ್ಟೆ. ಆರ್.ಸಿ. ಪುಸ್ತಕ, ತೆರಿಗೆ ಕಟ್ಟಿದ ರಸೀದಿ, ಇನ್ಶೂರೆನ್ಸು, ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ, ವರ್ಷವಾರು. ಅವರು ಅದನ್ನು ಪಕ್ಕಕ್ಕಿಟ್ಟು ಹುಳು ಮನೆಗೆ ನಡೆದರು. ಜೀನ್ಸ್ ಸೀಟು ನೋಡಿದರು. ಬುಗುರಿ ನೋಡಿದರು. ಹಿಂದಕ್ಕೆ ಹೋಗಿ "ದೂರ ಇರ್ರಿ" ಓದಿ, ನಿಜವಾಗಿಯೂ ಎರಡು ಹೆಜ್ಜೆ ದೂರ ಸರಿದರು. ಅವರು ಕೇಳಿದ್ದು ಬಿಡಿಭಾಗದ ಮಾತು, ನಾನು ಹೇಳಿದ್ದು ಕಾಗದದ ಮಾತು ಎಂದು ನನಗೆ ಹೊಳೆದದ್ದು ಆಗಲೇ. ನಾಚಿಕೆಯಿಂದ ಒಳಗೆ ಹೋಗಿ ಕಾಫಿಗಿಟ್ಟೆ.

ಡಾಕ್ಟರು ಒಳ್ಳೆಯವರು, ಸಿಟ್ಟಾಗಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಕಾರಿನ ಮೈಯೆಲ್ಲ ಸವರಿದರು. ಅಂಟಿದ ಕಡೆ ಅಸಲಿ ತಗಡು, ಅಂಟದ ಕಡೆ ಮೆತ್ತಿದ ಪುಟ್ಟಿ. ಎಂಜಿನ್ನಿನ ನಂಬರೂ ಚಾಸಿಯ ನಂಬರೂ ಆರ್.ಸಿ. ಪುಸ್ತಕದಲ್ಲಿದ್ದುದಕ್ಕೆ ತಾಳೆಯಾದಾಗ ಮುಖ ಸ್ವಲ್ಪ ಅರಳಿತು. "ಇಂಥ ಕಾರಿನಲ್ಲಿ ಬೆಲೆಯೆಲ್ಲ ಒರಿಜಿನಾಲಿಟಿಗೇ ಮೇಡಂ. ಹುಟ್ಟಿದಾಗಿನ ಬಣ್ಣ, ಹುಟ್ಟಿದಾಗಿನ ಸೀಟು ಇದ್ದಿದ್ರೆ ನಾನೀಗ ಹೇಳೋದಕ್ಕೆ ಮೂರರಷ್ಟು ಕೊಡ್ತಿದ್ದೆ. ಇವನ್ನೆಲ್ಲ ಕಿತ್ತು ಬಿಸಾಕಬೇಕಾಗುತ್ತೆ" ಎಂದರು. ದಿನವಿಡೀ ಜನರ ಬಾಯಿಗೆ ಕಟ್ಟಿಸಿದ ಹಲ್ಲು ಕೂರಿಸುವ ಮನುಷ್ಯ ಹೇಳುವ ಮಾತೇ ಇದು! ನಕ್ಕುಬಿಟ್ಟೆ. ನನ್ನ ಬಲದವಡೆಯ ಹಲ್ಲು ಒರಿಜಿನಲ್ ಅಲ್ಲವೆಂದು ಅವರು ಅಷ್ಟರಲ್ಲೇ ಪತ್ತೆಹಚ್ಚಿದರು.

ಒಂದು ವಾರ ಟೈಮು ಕೇಳಿಕೊಂಡೆ. ಆ ವಾರವೆಲ್ಲ ಆ ಪದವನ್ನೇ ಜಗಿದೆ. ನಮ್ಮ ಕಡೆ ಒರಿಜಿನಲ್ಲಿಗೆ ಹಳೆಯ ಪದ ಅಸಲು. ಕನ್ನಡದಲ್ಲಿ ಅಸಲು ಎಂದರೆ ಬಡ್ಡಿ ಬಿಟ್ಟು ಉಳಿದದ್ದು. ತೆಲುಗಿನಲ್ಲಿ ಮಾತು ಶುರುಮಾಡಲು ಒಂದು ನೆಪ: "ಅಸಲು ಏಮಿ ಜರಿಗಿಂದಂಟೇ..." ನಿಜವಾಗಿ ನಡೆದದ್ದೇನೆಂದರೆ ಎಂದು. ಹಾಗೆ ಶುರುವಾದ ಕಥೆಯಲ್ಲಿ ಅರ್ಧಕ್ಕರ್ಧ ಸೇರಿಸಿದ್ದೇ ಇರುತ್ತದೆ, ಆ ಮಾತು ಬೇರೆ. ಪದ ಹುಟ್ಟಿದ ಅರಬ್ಬಿಯಲ್ಲಿ ಅದರ ಅರ್ಥ ಬೇರು ಅಂತೆ. ನಮ್ಮ ಕಾರಿನ ಬೇರು ಎಲ್ಲಿದೆ? ನಾನು ಕಣ್ಣಲ್ಲೂ ಕಾಣದ ಪರದೇಶದ ಕಾರ್ಖಾನೆಯಲ್ಲೋ, ಅಪ್ಪನ ಹೊಲಿಗೆ ಮಷೀನಿನ ಸೂಜಿಯಲ್ಲೋ?

ಇನ್ನೊಂದು ತಮಾಷೆ ನೋಡಿ. ಅಪ್ಪನ ಅಂಗಡಿಯಲ್ಲಿ ಹೊಚ್ಚ ಹೊಸ ಜೀನ್ಸನ್ನು ಉಜ್ಜಿ, ಬಣ್ಣ ಕೆಡಿಸಿ, ಮೊಣಕಾಲಿನ ಹತ್ತಿರ ಹರಿದು ಕಳಿಸುತ್ತಿದ್ದರು. ಹಳತರ ಹಾಗೆ ಕಂಡರೆ ಬೆಲೆ ಹೆಚ್ಚು. ಹೊಸ ಪ್ಯಾಂಟು ಹಳತಾಗಬೇಕು, ಹಳೆಯ ಕಾರು ಹೊಸತಾಗಬೇಕು. ಜನಕ್ಕೆ ಬೇಡವಾದದ್ದು ನಿಜವಾಗಿ ಕಳೆದ ಕಾಲ ಒಂದೇ.

ಹಾಗೆ ನೋಡಿದರೆ ನಾನೇ ಎಷ್ಟು ಒರಿಜಿನಲ್? ಮದುವೆಯಾದ ಹೊಸತರಲ್ಲಿ "ಯಾಕ್ರಿ, ಬರ್ರಿ" ಎಂದರೆ ಅತ್ತೆಮನೆಯವರು ನಗುತ್ತಿದ್ದರು. ನಾಲಗೆಯನ್ನು ತಿದ್ದಿಕೊಂಡೆ. ಈಗ ರಾಯದುರ್ಗಕ್ಕೆ ಹೋದರೆ ಅಕ್ಕಪಕ್ಕದವರು, "ಏನವ್ವ, ಪೂರಾ ಮಡಕಶಿರಾದಾಕಿ ಆಗಿಬಿಟ್ಟಿ" ಎನ್ನುತ್ತಾರೆ. ಅಲ್ಲಿ ಈ ಊರಿನವಳು, ಇಲ್ಲಿ ಆ ಊರಿನವಳು. ಡಾಕ್ಟರ ಲೆಕ್ಕದಲ್ಲಿ ನನಗೆ ಗುಜರಿ ಬೆಲೆಯೂ ಹುಟ್ಟಲಿಕ್ಕಿಲ್ಲ.

ವಾರ ಕಳೆದ ಮೇಲೆ ಕಾರು ಕೊಟ್ಟೆ. ತುಕ್ಕು ಹಿಡಿದು ಸಾಯುವುದಕ್ಕಿಂತ ಎಲ್ಲಾದರೂ ಓಡಲಿ ಎಂದು. ಒಂದೇ ಷರತ್ತು: ನೀವು ಬಿಸಾಕುವುದನ್ನೆಲ್ಲ ಇಲ್ಲೇ ಬಿಚ್ಚಿಕೊಟ್ಟು ಹೋಗಬೇಕು. ಬಿಚ್ಚಿದವರು ನಮ್ಮ ಯಜಮಾನರೇ. ಇದೇನು ಗೂಡು ಕಟ್ತೈತಾ ಎಂದಿದ್ದ ಮನುಷ್ಯ, ಸ್ಪ್ಯಾನರ್ ಹಿಡಿದು ಒಂದೊಂದು ಬೋಲ್ಟನ್ನೂ ಮುಳ್ಳು ತೆಗೆಯುವಷ್ಟು ಮೆತ್ತಗೆ ತಿರುಗಿಸಿದರು. ಅಪ್ಪನ ಕಡೆಯ ಸೀಟಿನ ಜೇಬಿಗೆ ಕೈಹಾಕಿ, "ಇಲ್ನೋಡು" ಎಂದರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ, ಅರ್ಧ ಸವೆದದ್ದು. ಅಪ್ಪನ ಹೆಬ್ಬೆರಳಿನ ಅಚ್ಚಿಗೆ ಸರಿಯಾಗಿ ಸವೆದಿತ್ತು. ಅಲ್ಲೇ ಕೂತು ಅತ್ತೆ. ಯಜಮಾನರು ಹುಳುಗಳಿಗೆ ಸೊಪ್ಪು ಹಾಕುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು.

ಎಂಟು ತಿಂಗಳಿಗೆ ಡಾಕ್ಟರು ಫೋಟೋ ಕಳಿಸಿದರು. ಕೆಂಪಗೆ ಮಿರಮಿರ ಮಿಂಚುವ ಕಾರು, ಚರ್ಮದ ಸೀಟು, ಪರದೇಶದಿಂದ ತರಿಸಿದ ಗೇರಿನ ಹಿಡಿ. ಬಹಳ ಚೆನ್ನಾಗಿತ್ತು. ಯಾರ ಕಾರೋ ಎನಿಸಿತು. ಆ ಹೊತ್ತಿಗೆ ಆ ಎರಡು ಸೀಟುಗಳನ್ನು ಯಜಮಾನರು ಹಲಗೆಗೆ ಕೂರಿಸಿ ನಮ್ಮ ಜಗುಲಿಯಲ್ಲಿ ಹಾಕಿದ್ದರು. ಸಂಜೆ ನಾನು ಎಡಗಡೆಯದರಲ್ಲಿ ಕೂರುತ್ತೇನೆ. ಬಲಗಡೆಯದರಲ್ಲಿ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ನಾನು ಹೇಳಿಲ್ಲ. ಎದುರಿಗೆ ಗೋಡೆಯ ಮೇಲೆ "ದೂರ ಇರ್ರಿ" ತಗಡಿದೆ.

ಮೊನ್ನೆ ಹಾಗೆ ಕೂತಿದ್ದಾಗಲೇ ಡಾಕ್ಟರ ಕರೆ ಬಂತು. ದನಿಯಲ್ಲಿ ಸಂಕೋಚ. "ಮೇಡಂ, ಆ ಜೀನ್ಸ್ ಸೀಟು ಇನ್ನೂ ಇದೆಯಾ?" ಕಾರು ಕೊಳ್ಳಲು ಯಾರೋ ಬಂದಿದ್ದರಂತೆ. ಡಾಕ್ಟರ ಫೋನಿನಲ್ಲಿ ಕಾರಿನ ಹಳೆಯ ಫೋಟೋಗಳನ್ನು ನೋಡಿ ಪಟ್ಟು ಹಿಡಿದರಂತೆ. ಇಂಥ ಕೆಂಪು ಕಾರು ಬೇಕಾದಷ್ಟಿವೆ, ಜೀನ್ಸ್ ಸೀಟಿನದು, ಬುಗುರಿ ಗೇರಿನದು ಲೋಕಕ್ಕೆ ಒಂದೇ, ಅವನ್ನು ವಾಪಸು ಹಾಕಿಸಿದರೆ ಕೇಳಿದಷ್ಟು ಕೊಡುತ್ತೇನೆ ಎಂದು. "ಅದೇ ಅದರ ಒರಿಜಿನಾಲಿಟಿ ಅಂತಾರೆ ಮೇಡಂ. ನಿಮಗೂ ಒಳ್ಳೇ ಬೆಲೆ ಕೊಡ್ತೀನಿ."

ನನ್ನ ಕೈ ತಾನಾಗಿ ಸೀಟಿನ ಜೇಬಿಗೆ ಹೋಯಿತು. ಸೀಮೆಸುಣ್ಣದ ಬಿಲ್ಲೆಯನ್ನು ಈಗ ನನ್ನ ಕಡೆ ಇಟ್ಟುಕೊಂಡಿದ್ದೇನೆ. ಹತ್ತನೇ ಕ್ಲಾಸು ಮುಗಿದು ಕಾಲೇಜು ಸೇರಲು ಹೊರಟ ದಿನ, ಇದೇ ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು, ಮಾರ್ಕ್ಸ್ ಕಾರ್ಡು ಕೈಗಿಡುತ್ತ ಅಪ್ಪ ಹೇಳಿದ್ದು ನೆನಪಾಯಿತು: "ಯಾರು ಕೇಳಿದ್ರೂ ಜೆರಾಕ್ಸ್ ಕೊಡವ್ವ. ಒರಿಜಿನಲ್ ಮಾತ್ರ ಕೈಬಿಡಬ್ಯಾಡ."

"ಡಾಕ್ಟರ್ರೀ," ಎಂದೆ, "ಜೆರಾಕ್ಸ್ ನಿಮ್ಮ ಹತ್ರಾನ ಐತ್ರಿ, ಕೆಂಪಂದು. ಚೆಂದ ಐತಿ, ಮಾರ್ಕೊಳ್ರಿ. ಒರಿಜಿನಲ್ ನಾ ಕೊಡಂಗಿಲ್ರಿ."

ಫೋನಿಟ್ಟೆ. ಸೊಪ್ಪಿನ ಬುಟ್ಟಿ ಹೊತ್ತು ಬಂದ ಯಜಮಾನರು ಮೆಟ್ಟಿಲಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಈ ಮನೆಗೆ ಬಂದ ಹೊಸತರ ನಂತರ ನನ್ನ ಬಾಯಲ್ಲಿ ರಾಯದುರ್ಗದ ಆ ಧಾಟಿಯನ್ನು ಅವರು ಕೇಳಿರಲಿಲ್ಲ.

"ಈಗ ಮಾತಾಡಿದ್ದು ಯಾರೇ?" ಎಂದರು.

"ನಮ್ಮಪ್ಪ," ಎಂದೆ.