ನೋಡಿದಷ್ಟೂ ಏರುವ ಗೆರೆ

ಕಳಕ್ಕೂಟಂನ ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ, ಗೋಡೆಯ ದೊಡ್ಡ ಪರದೆಗೆ ಎಡಗಡೆ, ಕುಡಿಯುವ ನೀರಿನ ಕ್ಯಾನಿನ ಪಕ್ಕದಲ್ಲಿ ನಾನು ನಿಂತಿದ್ದೆ. ಮಲಯಾಳಂ ಪಂಚಾಂಗದ ಕರ್ಕಿಡಕ ತಿಂಗಳ ಒಂದು ಮಂಗಳವಾರ, ಬೆಳಗಿನ ಚಹಾ ಆಗಷ್ಟೇ ಮುಗಿದಿತ್ತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ಕಂಡದ್ದನ್ನು ಹೇಳಿದಾಗಲೆಲ್ಲ ಜನ ಮೊದಲು "ನೀವೆಲ್ಲಿ ನಿಂತಿದ್ರಿ?" ಎಂದು ಕೇಳುತ್ತಾರೆ, ಆಮೇಲೆ ನಗುತ್ತಾರೆ.

ಅದು ಹಳೆಯ ಮಾತು. ಈಗ ಮತ್ತೆ ಕರ್ಕಿಡಕ ಬಂದಿದೆ, ನಿನ್ನೆ ಪಕ್ಕದ ಫ್ಲ್ಯಾಟಿನವರು ಒಂದು ಡಬ್ಬಿ ಕರ್ಕಿಡಕ ಕಂಜಿ ಕೊಟ್ಟರು. ಮಳೆಗಾಲದ ಈ ತಿಂಗಳಿನಲ್ಲಿ ಮೆಂತ್ಯ ಹಾಕಿ ಬೇಯಿಸುವ ಔಷಧದ ಗಂಜಿ ಅದು. ಮುಚ್ಚಳ ತೆಗೆದೊಡನೆ ಆ ಕಹಿ ವಾಸನೆ ಬಂದು ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಮೀಟಿಂಗಿನಲ್ಲಿ ಕುಳಿತವನ ಹಾಗೆ.

ನಮ್ಮದು ಮದುವೆ ಮಂಟಪ ಕಾಯ್ದಿರಿಸುವ ಆ್ಯಪ್. ಅದು ನಡೆಯುವುದು ಬಾಡಿಗೆಯ ಸರ್ವರುಗಳ ಮೇಲೆ. ಕೆಲಸ ಹೆಚ್ಚಾದರೆ ಸರ್ವರುಗಳು ತಾವಾಗಿಯೇ ಹೆಚ್ಚುತ್ತವೆ, ಕಡಿಮೆಯಾದರೆ ತಾವಾಗಿಯೇ ಹೋಗುತ್ತವೆ. ಮದುವೆ ಊಟದಲ್ಲಿ ಜನ ಬಂದ ಹಾಗೆಲ್ಲ ಎಲೆ ಹಾಕುತ್ತ ಹೋಗುವವನನ್ನು ನೀವು ಕಂಡಿರುತ್ತೀರಿ. ಪಾಪ, ಒಳ್ಳೆಯ ಮನುಷ್ಯ. ಆದರೆ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಯಾರನ್ನೂ ಕೇಳುವುದಿಲ್ಲ. ಎಲೆಗಳ ಬಿಲ್ಲು ತಿಂಗಳ ಕೊನೆಗೆ ಬರುತ್ತದೆ. ಅದು ಎಷ್ಟಾದೀತೆಂದು ಮುಂಚೆಯೇ ಅಂದಾಜು ಹೇಳುವುದು ಲವೀನಾ ಚೇಚಿಯ ಕೆಲಸವಾಗಿತ್ತು.

ಚೇಚಿ ಎಂದರೆ ಅಕ್ಕ; ಆಫೀಸಿನಲ್ಲಿ ಎಲ್ಲರಿಗೂ ಅವರು ಚೇಚಿಯೇ. ಊರು ಮಂಜೇಶ್ವರ. ಗಂಡ ಕೊಚ್ಚಿಯ ಬ್ಯಾಂಕಿನಲ್ಲಿ, ಮಗಳು ಅಲ್ಲಿಯೇ ಎರಡನೇ ಕ್ಲಾಸಿನಲ್ಲಿ, ಇವರೊಬ್ಬರು ಇಲ್ಲಿ ಹಾಸ್ಟೆಲಿನಲ್ಲಿ. ಸಂಜೆ ಚಹಾದ ಹೊತ್ತಿಗೆ ಮಗಳ ಫೋನು ಬರುತ್ತಿತ್ತು. ತಾಯಿ ಕನ್ನಡದಲ್ಲಿ "ಎಂತ ತಿಂದದ್ದು ಚಿನ್ನ? ಹೋಂವರ್ಕ್ ಆಯ್ತಾ?" ಎಂದು ಕೇಳಿದರೆ, ಮಗಳು ಮಲಯಾಳಂನಲ್ಲಿ ಒಂದನ್ನೇ ಕೇಳುತ್ತಿದ್ದಳು: "ಅಮ್ಮ ಎಪ್ಪೋ ವರುಂ?" ಯಾವಾಗ ಬರುತ್ತೀ ಎಂದು. ಚೇಚಿ ಲೋಟದ ಚಹಾವನ್ನು ಹಾಗೇ ಬಿಟ್ಟು ಸೀಟಿಗೆ ಹೋಗುತ್ತಿದ್ದರು.

ಕೊಚ್ಚಿಯ ಪಾಲಾರಿವಟ್ಟಂನ ದೊಡ್ಡ ಆಫೀಸಿನಲ್ಲಿ ಕೂರುತ್ತಿದ್ದ ನಮ್ಮ ಮ್ಯಾನೇಜರ್ ಕುರಿಯನ್ ಸರ್ ಕೊನೆಗೆ ಒಂದು ಮಾತು ಕೊಟ್ಟರು. ಕರ್ಕಿಡಕದ ಬಿಲ್ಲು ಚೇಚಿ ಹೇಳಿದ ಅಂದಾಜಿನ ಒಳಗೆ ನಿಂತರೆ ಕೊಚ್ಚಿಗೆ ವರ್ಗ. ಮೀರಿದರೆ ಇನ್ನೊಂದು ವರ್ಷ ಆ ಮಾತು ಎತ್ತಬಾರದು. ಮದುವೆಯ ವ್ಯಾಪಾರವಾದ್ದರಿಂದ ನಮ್ಮಲ್ಲಿ ಲೆಕ್ಕವೂ ಮಲಯಾಳಂ ತಿಂಗಳ ಪ್ರಕಾರವೇ.

ಗೆಲ್ಲುವುದು ಸುಲಭವೆಂದು ನಾವೆಲ್ಲ ನಂಬಿದ್ದೆವು. ಕರ್ಕಿಡಕದಲ್ಲಿ ಇಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಮಂಟಪ ನೋಡುವವರೂ ಕಡಿಮೆ. ಚೇಚಿ ಗೋಡೆಯ ಪರದೆಗೆಂದು ಎರಡು ಗೆರೆಗಳ ಒಂದು ಪುಟ ಮಾಡಿದರು. ಕೆಂಪು ಗೆರೆ ಅವರ ಅಂದಾಜು. ನೀಲಿ ಗೆರೆ, ಈಗಿನ ವೇಗದಲ್ಲಿ ಹೋದರೆ ಬಿಲ್ಲು ಎಲ್ಲಿಗೆ ಮುಟ್ಟೀತು ಎಂಬುದು. ಕುರಿಯನ್ ಸರ್‌ಗೆ ಅದು ಎಷ್ಟು ಹಿಡಿಸಿತೆಂದರೆ, ಎರಡೂ ಊರಿನ ಆಫೀಸಿನಲ್ಲಿ ಪ್ರತಿಯೊಬ್ಬರೂ ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಸದಾ ತೆರೆದಿಟ್ಟಿರಬೇಕೆಂದು ಆಜ್ಞೆ ಮಾಡಿದರು. ನಾವೂ ಚೇಚಿಯ ಮೇಲಿನ ಪ್ರೀತಿಯಿಂದ ಫೋನಿನಲ್ಲೂ ತೆರೆದಿಟ್ಟುಕೊಂಡೆವು. ನಾನಂತೂ ಬಚ್ಚಲಿಗೂ ಒಯ್ಯುತ್ತಿದ್ದೆ.

ನೀಲಿ ಗೆರೆ ಏರತೊಡಗಿತು.

ಯಾರು ಈ ತಿಂಗಳಲ್ಲಿ ಮಂಟಪ ಹುಡುಕುತ್ತಿದ್ದಾರೆ? ಓಡಿಹೋಗುವ ಜೋಡಿಗಳು ಎಂದರು ಕೆಲವರು. "ಓಡಿಹೋಗುವವರಿಗೆ ಸಾವಿರ ಜನರ ಮಂಟಪ ಎಂಥಕ್ಕೆ ಚೇಟ್ಟಾ?" ಎಂದ ನನ್ನ ಪಕ್ಕದ ಸೀಟಿನ ಜಿತಿನ್, ಚೇಚಿಯಿಂದ ಅಷ್ಟು ಕನ್ನಡ ಕಲಿತಿದ್ದ; ಚೇಟ್ಟಾ ಎಂದರೆ ಅಣ್ಣ, ನಾನು. ಕರ್ನಾಟಕದವರೇನಾದರೂ ಇರಬಹುದೇ ಎಂದು ನಾನು ಮೈಸೂರಿಗೆ ಫೋನು ಮಾಡಿದೆ. "ಆಷಾಢದಲ್ಲಿ ಯಾರೋ ಮದುವೆ ಮಾಡ್ತಾರೆ? ನಿಂಗೇನಾಯ್ತೋ?" ಎಂದು ಅಮ್ಮ ಗಾಬರಿಯಾದರು. ಗೆರೆ ಏರಿದಷ್ಟೂ ನಮ್ಮ ಆತಂಕ ಏರಿತು. ಆತಂಕ ಏರಿದಷ್ಟೂ ಹೆಚ್ಚು ನೋಡಿದೆವು.

ಆ ಮಂಗಳವಾರ ಕುರಿಯನ್ ಸರ್ ಎರಡೂ ಆಫೀಸನ್ನು ಸೇರಿಸಿ ವಿಡಿಯೊ ಮೀಟಿಂಗ್ ಕರೆದರು. "ಲ್ಯಾಪ್‌ಟಾಪ್ ಮುಚ್ಚಿ. ಫೋನು ಆಫ್. ಇವತ್ತು ನನಗೆ ನಿಮ್ಮ ಮುಖ ಮಾತ್ರ ಕಾಣಬೇಕು." ನನಗೆ ಕುರ್ಚಿ ಸಿಗಲಿಲ್ಲ, ಆದ್ದರಿಂದ ಪರದೆಯ ಪಕ್ಕ ನಿಂತೆ; ಅದರಲ್ಲಿ ಸರ್ ಮುಖದ ಬದಿಗೆ ಗೆರೆಗಳೂ ಕಾಣುತ್ತಿದ್ದವು. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ಅವರು ಮಿತವ್ಯಯದ ಬಗ್ಗೆ ಮಾತು ಶುರುಮಾಡಿದ ಸ್ವಲ್ಪ ಹೊತ್ತಿಗೆ ನೀಲಿ ಗೆರೆ ನಿಂತಿತು. ಆಮೇಲೆ ಬಾಗಿತು. ಆಮೇಲೆ, ಅಂಗಡಿ ಮುಚ್ಚಿದವರ ಹಾಗೆ, ಸರ್ವರುಗಳು ಒಂದೊಂದಾಗಿ ಹೊರಟವು. ಚೇಚಿಗೆ ಕಣ್ಸನ್ನೆ ಮಾಡಿದೆ. ಅವರು ನೋಡಿದರು, ಜಿತಿನ್ ನೋಡಿದ. ಮೀಟಿಂಗ್ ಮುಗಿಯಿತು, ಟಪಟಪನೆ ಲ್ಯಾಪ್‌ಟಾಪುಗಳು ತೆರೆದವು, ಗೆರೆ ಮತ್ತೆ ಎದ್ದಿತು.

"ಅಯ್ಯೋ ಮಾರಾಯ," ಎಂದರು ಚೇಚಿ ಮೆಲ್ಲಗೆ, "ಕರೆಯದೆ ಊಟಕ್ಕೆ ಬಂದವರು ನಾವೇ!"

ವಿಷಯ ಇಷ್ಟೆ. ಖರ್ಚು ಉಳಿಸಲೆಂದು ಕುರಿಯನ್ ಸರ್ ಆ ಗೆರೆಗಳ ಪುಟವನ್ನೂ ಆ್ಯಪಿನ ಸರ್ವರುಗಳ ಮೇಲೆಯೇ ಕೂರಿಸಿದ್ದರು. ಅದನ್ನು ತೆರೆದಿಟ್ಟ ಪ್ರತಿಯೊಬ್ಬನಿಗೂ ಅದು ಕ್ಷಣಕ್ಷಣಕ್ಕೂ ಇಡೀ ತಿಂಗಳ ಲೆಕ್ಕವನ್ನು ಮೊದಲಿನಿಂದ ಕೂಡಿಸಿ ಹೊಸ ಗೆರೆ ಎಳೆಯುತ್ತಿತ್ತು. ಖರ್ಚು ಎಷ್ಟೆಂದು ನೋಡುವುದೇ ನಮ್ಮ ದೊಡ್ಡ ಖರ್ಚಾಗಿತ್ತು.

ಚೇಚಿ ಕೂಡಲೇ ಫೋನು ಮಾಡಿ ಹೇಳಿದರು. ಕುರಿಯನ್ ಸರ್ ಮಗಳೇ ಎಂದು ಕರೆದು ನಕ್ಕರು. "ಮೋಳೇ, ನೋಡದಿದ್ದರೆ ಇಳಿಯುತ್ತೆ ಅನ್ನೋದಾದರೆ ನಾನು ಶುಗರ್ ಟೆಸ್ಟ್ ಯಾಕೆ ಮಾಡಿಸಲಿ? ಇಳಿದದ್ದು ನನ್ನ ಮೀಟಿಂಗಿನಿಂದ. ಭಯ ಇರಬೇಕು, ಭಯ!" ಆ ಪುಟವನ್ನು ಒಂದಿಷ್ಟು ಸರಿಪಡಿಸಲೇ ಎಂದು ಕೇಳಿದ್ದಕ್ಕೆ, ಪಂದ್ಯದ ನಡುವೆ ಆಟಗಾರರು ಸ್ಕೋರ್ ಬೋರ್ಡು ಮುಟ್ಟಬಾರದು ಎಂದರು. ಅದೂ ನ್ಯಾಯವೇ.

ಚೇಚಿ ಗೋಡೆಯ ಗೆರೆಯತ್ತ ತಿರುಗಿ, "ಹಾಗಾದ್ರೆ ಸರ್, ನಾಳೆಯೂ ಒಂದು ಮೀಟಿಂಗ್ ಮಾಡುವನಾ?" ಎಂದರು.

ಮೀಟಿಂಗ್ ಎಂದರೆ ತಲೆನೋವು ಬರುತ್ತಿದ್ದ ಹೆಂಗಸು! ಅಂದಿನಿಂದ ಪ್ರತಿದಿನ ಮೀಟಿಂಗ್. ಸರ್ ಮುಗಿಸಹೊರಟಾಗಲೆಲ್ಲ ಚೇಚಿಯದು "ಸರ್, ಇನ್ನೊಂದು ಡೌಟು." ಮೀಟಿಂಗುಗಳನ್ನು ಚುಟುಕುಗೊಳಿಸುವುದು ಹೇಗೆಂಬ ಬಗ್ಗೆ ಒಂದು ಇಡೀ ಬೆಳಗ್ಗೆ ಮೀಟಿಂಗ್ ನಡೆಯಿತು. ಸರ್ ಅರಳಿಹೋದರು. ಫೋರ್ಟ್ ಕೊಚ್ಚಿಯ ತಮ್ಮ ಬಾಲ್ಯ, ದೋಣಿಯಿಂದ ಬಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಯಾರೂ ಎದ್ದು ಹೋಗದಿರಲೆಂದು ಕಂಜಿಯನ್ನೂ ಅಲ್ಲಿಗೇ ತರಿಸಿದರು. ಜಿತಿನ್ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತ. ನೀಲಿ ಗೆರೆ ಇಳಿಯುತ್ತ ಕೆಂಪಿನ ಕೆಳಗೆ ಬಂತು, ಕೂದಲೆಳೆಯಷ್ಟು.

ತಿಂಗಳ ಕೊನೆಯ ದಿನ ಕುರಿಯನ್ ಸರ್ ಗಂಟಲು ಕಟ್ಟಿತು. ಅಷ್ಟು ಮಾತಾಡಿದರೆ ಇನ್ನೇನಾಗುತ್ತದೆ? ಮೀಟಿಂಗ್ ರದ್ದಾಯಿತು. ಚೇಚಿ ಗೆಲ್ಲುತ್ತಾರೋ ಇಲ್ಲವೋ ಎಂದು ಎರಡೂ ಊರಿನವರು ಒಟ್ಟಿಗೆ ಗೆರೆ ನೋಡಲು ಕುಳಿತರು. ಗೆರೆ ಎದ್ದಿತು. ನೋಡಬೇಡಿ ಎಂದು ನಾನೂ ಜಿತಿನ್ನೂ ಸೀಟಿಂದ ಸೀಟಿಗೆ ಓಡಿದೆವು. ಎಲ್ಲರೂ "ಒಂದೇ ಸಲ" ಎಂದರು.

ಆಗ ಚೇಚಿ ತಾವೇ ವಿಡಿಯೊ ಹಚ್ಚಿ, ಕ್ಯಾಮೆರಾದ ಮುಂದೆ ನಿಂತರು. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮಲಯಾಳಂನಲ್ಲಿ ಅವರು ಹೇಳಿದ್ದು ಇಷ್ಟು: "ನನ್ನ ಮಗಳು ದಿನಾ ಯಾವಾಗ ಬರ್ತೀ ಅಂತ ಕೇಳ್ತಾಳೆ. ನೀವು ನನಗೋಸ್ಕರವೇ ನೋಡ್ತಾ ಇರುವುದು ಅಂತ ಗೊತ್ತುಂಟು. ನನಗೋಸ್ಕರ ಇವತ್ತೊಂದು ದಿನ ನೋಡಬೇಡಿ."

ಪರದೆಯ ಮೇಲಿನ ಕೊಚ್ಚಿಯ ವಿಡಿಯೊದಲ್ಲಿ ಕುರಿಯನ್ ಸರ್ ತಡೆಯುವವರಂತೆ ಕೈ ಎತ್ತಿ ಬಾಯಿ ತೆರೆದರು. ಸ್ವರ ಹೊರಡಲಿಲ್ಲ. ಅವರ ಹಿಂದೆ ಒಂದು ಲ್ಯಾಪ್‌ಟಾಪ್ ಮುಚ್ಚಿತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಸಾಲು. ನಮ್ಮಲ್ಲೂ ಹಾಗೆಯೇ. ಗೋಡೆಯ ಮೇಲೆ, ಯಾರ ಭಯವೂ ಇಲ್ಲದೆ, ಗೆರೆ ಕೆಂಪಿನ ಕೆಳಗೆ ಇಳಿಯಿತು. ಕುರಿಯನ್ ಸರ್ ತಮ್ಮೆದುರಿನ ಗೆರೆಯನ್ನೇ ದಿಟ್ಟಿಸಿದರು, ಆಮೇಲೆ ತಮ್ಮ ಲ್ಯಾಪ್‌ಟಾಪನ್ನೂ ಮುಚ್ಚಿದರು. ಪರದೆಯಿಂದ ಅವರೂ ಮಾಯವಾದರು.

ಮರುತಿಂಗಳು, ಚಿಂಗದಲ್ಲಿ, ಚೇಚಿಗೆ ವರ್ಗವಾಯಿತು.

ಈಗ ಹೆಂಡತಿ ಬರುವುದು ತಡವಾದರೆ, ಅವಳ ಕ್ಯಾಬ್ ಎಲ್ಲಿದೆಯೆಂದು ಫೋನಿನಲ್ಲಿ ನೋಡುತ್ತ ಕೂರುವುದನ್ನು ನಾನು ಬಿಟ್ಟಿದ್ದೇನೆ. ಅನ್ನಕ್ಕಿಡುತ್ತೇನೆ. ಅನ್ನ ಆಗುವ ಹೊತ್ತಿಗೆ ಬರುತ್ತಾಳೆ.

ಇದಕ್ಕೆ ಸಾಕ್ಷಿಗಳಿದ್ದಾರೆ, ದೇವರ ದಯೆಯಿಂದ ಎಲ್ಲರೂ ಬದುಕಿದ್ದಾರೆ. ಲವೀನಾ ಚೇಚಿ ಪಾಲಾರಿವಟ್ಟಂನಲ್ಲಿದ್ದಾರೆ. ಸಂಜೆ ಆರರ ಮೇಲೆ ಮಗಳು ಫೋನು ಎತ್ತಲು ಬಿಡುವುದಿಲ್ಲ. ಜಿತಿನ್ ಇಲ್ಲೇ ನನ್ನ ಪಕ್ಕದ ಸೀಟಿನಲ್ಲಿದ್ದಾನೆ. ಕುರಿಯನ್ ಸರ್ ನಿವೃತ್ತರಾಗಿ ಫೋರ್ಟ್ ಕೊಚ್ಚಿಯಲ್ಲಿದ್ದಾರೆ, ಸ್ವರ ಪೂರ್ತಿ ಮರಳಿದೆ. ಅವರನ್ನು ಕೇಳುವುದಾದರೆ ಊಟ ಮುಗಿಸಿಕೊಂಡು ಹೋಗಿ.