ತಿಪ್ಪಣ್ಣನ ಬಲಗೈ ತೋರಿಸಲು ಚಳ್ಳಕೆರೆಗೆ

ಮೊಳಕಾಲ್ಮೂರಿನಿಂದ ನಮ್ಮ ಗಾಡಿ ಹೊರಟಾಗ ಬಿಸಿಲು ಚುರುಕಾಗಿತ್ತು. ಹೊತ್ತು ಮೂಡುವ ಮೊದಲೇ ಹೊರಡಬೇಕೆಂದು ಹಿಂದಿನ ದಿನವೆಲ್ಲ ಬಾಯಿ ಬಡಿದುಕೊಂಡಿದ್ದೆ. ಯಾರು ಕೇಳುತ್ತಾರೆ? ತಿಪ್ಪಣ್ಣನ ಒಳ್ಳೆಯ ರುಮಾಲು ಸಿಕ್ಕಲಿಲ್ಲವೆಂದು ಮನೆಮಂದಿಯೆಲ್ಲ ಹುಡುಕುತ್ತಿದ್ದರು.

"ತೋರಿಸಬೇಕಾದ್ದು ಕೈ ಕಣಲೇ, ತಲೆಯಲ್ಲ!" ಎಂದು ಬೀದಿಯಿಂದಲೇ ಕೂಗಿದೆ.

ಕೊನೆಗೆ ಅವನ ತಾಯಿ ರೊಟ್ಟಿಗಂಟು ತಂದು ಗಾಡಿಯಲ್ಲಿಟ್ಟಳು. ಆಕೆಗೆ ದುಃಖ ಬಂದರೆ ಬಾಯಿಗೆ ಬರುವುದು ತೆಲುಗೇ. ಮಗನಿಗೆ "ಭದ್ರಂ ನಾಯನಾ" ಎಂದು ಜೋಪಾನ ಹೇಳಿದವಳು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಈ ಸಲನಾದ್ರೂ ಇವನ ಬಾಯಿ ಕಾಯ್ರಿ" ಎಂದಳು. ಆ ಮಾತು ನನಗೆ ನಾಟಿತು.

ತಿಪ್ಪಣ್ಣ ನನ್ನ ಜೊತೆ ಓದಿದವನು, ರೇಷ್ಮೆ ಸೀರೆ ನೇಯುವವನು. ಯುದ್ಧದ ಕಾಲದಲ್ಲಿ ಸೀರೆಗೆ ಗಿರಾಕಿಗಳಿಲ್ಲದೆ ಮಗ್ಗ ನಿಂತಾಗ, ಸರ್ಕಾರದ ಹೇಸರಗತ್ತೆ ಹೊಡೆಯುವ ಪಡೆ ಸೇರಿ ಸಮುದ್ರದಾಚೆಯ ಬಸ್ರಾಕ್ಕೆ ಹೋದ. ಅಲ್ಲಿ ಬಲ ಮಣಿಕಟ್ಟಿನೊಳಗೆ ಗುಂಡಿನ ಚೂರು ಹೊಕ್ಕಿತು. ಗಾಯ ಮಾದಿದೆ. ಬೆರಳು ಮಡಚುತ್ತವೆ, ಹಿಡಿಯುತ್ತವೆ. ಆದರೆ ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಮುಟ್ಟಿದ್ದು ತಿಳಿಯುವುದಿಲ್ಲ. ಮಗ್ಗದ ಮೇಲೆ ಕಡಿದ ಎಳೆಯನ್ನು ಹುಡುಕಿ ಕೂಡಿಸುವುದು ಕಣ್ಣಲ್ಲ, ಬೆರಳು. ಆ ಬೆರಳೇ ಹೋದ ಮೇಲೆ ನೇಕಾರನಿಗೆ ಇನ್ನೇನು ಉಳಿಯಿತು?

ಬೆಂಗಳೂರಿನಲ್ಲಿ ಮೊದಲ ಸಲ ಪರೀಕ್ಷೆ ಮಾಡಿದ ಡಾಕ್ಟರು ಹೇಗಿದ್ದೀಯೆಂದು ಕೇಳಿದ್ದರು. ಇವನು ಕೈಮುಗಿದು, "ತಮ್ಮ ದಯದಿಂದ ಚೆನ್ನಾಗಿದ್ದೀನಿ" ಎಂದುಬಿಟ್ಟ. ಬಹುಮಟ್ಟಿಗೆ ಗುಣವಾಗಿದೆ, ಊನ ನೂರಕ್ಕೆ ಇಪ್ಪತ್ತು ಎಂದು ಬರೆದರು. ದೊಡ್ಡವರು ಕೇಳಿದರೆ ಹಾಗೇ ಉತ್ತರ ಕೊಡಬೇಕೆಂದು ಹೇಳಿಕೊಟ್ಟು ಕಳಿಸಿದ ಮಹಾಬುದ್ಧಿವಂತ ನಾನೇ. ಮರುಪರೀಕ್ಷೆಗೆ ಮೂರು ಅರ್ಜಿ ಬರೆದವನೂ ನಾನೇ. ಬುಧವಾರ ಹನ್ನೊಂದು ಗಂಟೆಗೆ ಚಳ್ಳಕೆರೆಯ ಬಂಗಲೆಗೆ ಬರತಕ್ಕದ್ದೆಂದು ಕೊನೆಗೆ ಜವಾಬು ಬಂತು. ಊನ ಇಪ್ಪತ್ತಕ್ಕಿಂತ ಕಡಿಮೆಯೆಂದು ಕಂಡರೆ ಈಗ ಬರುತ್ತಿರುವ ಪಿಂಚಣಿಯೂ ನಿಲ್ಲುವುದೆಂದು ಅದರ ಕೆಳಗಿತ್ತು. ಅದನ್ನು ಓದಿದ ದಿನದಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ಗಾಡಿಯವನು ಓಬಯ್ಯ. ಹೋಗಿಬರಲು ಎರಡು ರೂಪಾಯಿ, ಎತ್ತಿನ ಮೇವು ಅವನದೇ. ಚಳ್ಳಕೆರೆ ಮೂವತ್ತು ಮೈಲಿಗೂ ಮೇಲು. ಹಾನಗಲ್ಲಿನ ಹತ್ತಿರ ಹುಣಸೆಮರದ ಕೆಳಗೆ ಸಜ್ಜೆರೊಟ್ಟಿ, ಶೇಂಗಾಚಟ್ನಿ ತಿಂದೆವು. ಮುಂದೆ ಮೈಲಿಗಟ್ಟಲೆ ನೆರಳಿಲ್ಲ. ಗಾಳಿ ಮಾತ್ರ ಧೂಳು ಹೊತ್ತು ಮುಖಕ್ಕೇ ಬಡಿಯುತ್ತಿತ್ತು. ದಾರಿಯುದ್ದಕ್ಕೂ ನಾನು ಪಾಠ ಹೇಳುತ್ತಲೇ ಇದ್ದೆ.

ಸಂಜೆ ತಳಕಿನ ಚಾವಡಿಯಲ್ಲಿ ಇಳಿದು ನವಣೆ ಅನ್ನ, ಹುರುಳಿಸಾರು ಉಣ್ಣುತ್ತಿದ್ದಾಗ ಮತ್ತೆ ಕೇಳಿದೆ: "ನಾಳೆ ಡಾಕ್ಟರು ಕೇಳಿದ್ರೆ ಏನಂತೀಯ?"

"ಬೆರಳಿಗೆ ತಿಳಿಯಲ್ಲ ಅಂತೀನಿ."

"ಅಷ್ಟು ಸಾಲದು. ನೋವೈತೆ ಅನ್ನು. ರಾತ್ರಿ ನಿದ್ದೆ ಬರಲ್ಲ ಅನ್ನು."

"ನೋವಿಲ್ವಲ್ಲ ಲೇ ರಂಗ. ನೋವಾದ್ರೂ ಇದ್ದಿದ್ರೆ ಕೈ ಐತೆ ಅಂತ ಗೊತ್ತಾಗ್ತಿತ್ತು."

ನಾನು ಸಿಟ್ಟು ಮಾಡಿಕೊಂಡೆ. ನಿನ್ನ ಹೆಂಡತಿ ಊರವರ ಮನೆ ನೂಲು ಸುತ್ತುತ್ತಾಳೆ, ನಿನಗೆ ಸತ್ಯದ ಚಿಂತೆ ಎಂದೆ. ಆಡಬಾರದ ಮಾತು. ಅವನು ತಟ್ಟೆ ಸರಿಸಿ ಎದ್ದ. "ಸುಳ್ಳು ಹೇಳಿಸೋದಾದ್ರೆ ಇಲ್ಲಿಂದ್ಲೇ ನಡ್ಕಂಡು ವಾಪಸ್ ಹೋಗ್ತೀನಿ" ಎಂದು ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿದ.

ಬೆಳಿಗ್ಗೆ ನೋಡಿದರೆ ಆಸಾಮಿ ಇಲ್ಲ! ನಾನೂ ಓಬಯ್ಯನೂ ಊರೆಲ್ಲ ಹುಡುಕಿದೆವು. ಅರ್ಧ ತಾಸಿನ ಮೇಲೆ ಬಾವಿಯ ಹಿಂದೆ ಒಬ್ಬನೇ ಕೂತಿದ್ದವನು ಸಿಕ್ಕ. ನಮ್ಮನ್ನು ಕಂಡು ಏನನ್ನೋ ಸೊಂಟಕ್ಕೆ ಸಿಕ್ಕಿಸಿಕೊಂಡ. ಎಲೆಯಡಿಕೆಯೆಂದುಕೊಂಡೆ. ಹಾಗೇ ಗಾಡಿ ಹತ್ತಿದೆವು.

ಅಷ್ಟಕ್ಕೇ ತಡವಾಗಿತ್ತು. ಚಳ್ಳಕೆರೆಗೆ ಬಂದರೆ ಅಂದು ಸಂತೆ. ಕುರಿ ಹಿಂಡು ಬೀದಿ ತುಂಬ ನಿಂತು ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ಇಳ್ದು ಓಡ್ರಿ ಮೇಷ್ಟ್ರೇ, ನಾನು ಹಿಂದ್ಲೇ ಬರ್ತೀನಿ" ಎಂದ ಓಬಯ್ಯ. ಕಂಬಳಿ ಹರವಿದವರ ಬೈಗುಳ ತಿನ್ನುತ್ತ ಓಡಿದೆವು. ಬಂಗಲೆಯ ಜವಾನ, "ಎರಡು ಸಲ ಹೆಸರು ಕೂಗಿ ಆಯ್ತು, ಜಲ್ದಿ ಜಲ್ದಿ!" ಎಂದು ಒಳಗೆ ತಳ್ಳಿದ.

ಡಾಕ್ಟರು ಇಂಗ್ಲಿಷರವರು, ನರೆತ ಮೀಸೆ. ಪಕ್ಕದಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುವ ಗುಮಾಸ್ತ. ಮುಷ್ಟಿ ಹಿಡಿಯೆಂದರು, ಹಿಡಿದ. ಕುರ್ಚಿ ಎತ್ತೆಂದರು. ಹಾಳಾದವನು ಬಲಗೈಯೊಂದರಲ್ಲೇ ಭುಜದೆತ್ತರಕ್ಕೆ ಎತ್ತಿದ! ಗುಮಾಸ್ತ ಬರೆದುಕೊಂಡ.

ತಡೆಯಲಾರದೆ ನನಗೆ ಬರುವ ಇಂಗ್ಲಿಷಿನಲ್ಲೇ ನಡುವೆ ಬಾಯಿಹಾಕಿದೆ: "ಸ್ವಾಮಿ, ಇವನು ಹಮಾಲನಲ್ಲ, ನೇಕಾರ. ಕಡಿದ ಎಳೆ ಕೂಡಿಸಲು ಹೇಳಿ ನೋಡಿ." ಗುಮಾಸ್ತ ಕಣ್ಣು ಕೆಕ್ಕರಿಸಿದ. ಡಾಕ್ಟರು ಮಾತ್ರ ಆಗಲಿ ಎಂದು ತಲೆಯಾಡಿಸಿದರು. ಊರಿನಿಂದ ತಂದಿದ್ದ ಬಿಳಿ ರೇಷ್ಮೆಯ ಲಡಿಯಿಂದ ಎರಡು ಎಳೆ ಕಿತ್ತುಕೊಟ್ಟೆ. ಇನ್ನು ಗೆದ್ದೆವೆಂದು ಒಳಗೇ ಹಿಗ್ಗಿದೆ.

ತಿಪ್ಪಣ್ಣ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಎಡಗೈಯಲ್ಲಿ ಇನ್ನೊಂದನ್ನು ಸುತ್ತಿದ. ಎರಡು ಸಲ ಜಾರಿತು. ಮೂರನೆಯ ಸಲ ಗಂಟು ಬಿತ್ತು! ಎಳೆದು ತೋರಿಸಿದ, ಬಿಚ್ಚಲಿಲ್ಲ. ಬಾವಿಯ ಹಿಂದೆ ಏನು ನಡೆದಿತ್ತೆಂದು ಆಗ ಹೊಳೆಯಿತು. ಭಲೇ ಎಂದು ಅಪ್ಪಿಕೊಳ್ಳಬೇಕೆನಿಸಿತು, ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು. ಡಾಕ್ಟರು "ಬಹಳ ಚೆನ್ನಾಗಿದೆ" ಎಂದು ಲೇಖನಿ ಎತ್ತಿಕೊಂಡರು. ಇವನ ಮನೆ ಮುಳುಗಿತೆಂದುಕೊಂಡೆ.

ತಿಪ್ಪಣ್ಣನಿಗೆ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಮೇಜಿನ ಮೇಲಿದ್ದ ಸಣ್ಣ ಚಾಕು ಕೇಳಿ ಪಡೆದು, ಗಂಟನ್ನು ಬಲ ಹೆಬ್ಬೆರಳ ಮೇಲಿಟ್ಟು, ಉಳಿದ ತುದಿ ಕತ್ತರಿಸಿದ. ಆಮೇಲೆ ನಗುನಗುತ್ತ ಎಳೆಯನ್ನು ಡಾಕ್ಟರ ಮುಂದೆ ಹಿಡಿದ. ಬಿಳಿ ರೇಷ್ಮೆ ಕೆಂಪಗಾಗುತ್ತಿತ್ತು. ಹೆಬ್ಬೆರಳು ಸೀಳಿ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನಿನ್ನೂ ನಗುತ್ತಲೇ ಇದ್ದ. ಅಯ್ಯೋ, ನನ್ನಿಂದ ನೋಡಲಾಗಲಿಲ್ಲ.

ಡಾಕ್ಟರು ಲೇಖನಿ ಕೆಳಗಿಟ್ಟು ಎದ್ದು ಬಂದರು. ತಾವೇ ರಕ್ತ ಒರೆಸಿ ಪಟ್ಟಿ ಕಟ್ಟಿದರು. ಅವನ ಮುಖ ಕಿಟಕಿಯ ಕಡೆ ತಿರುಗಿಸಿ ಉಳಿದ ಬೆರಳುಗಳಿಗೆ ಒಂದೊಂದಾಗಿ ಸೂಜಿ ಚುಚ್ಚಿದರು. "ಯಾವಾಗ ಚುಚ್ತಾರಂತೆ?" ಎಂದು ತಿಪ್ಪಣ್ಣ ಗುಮಾಸ್ತನನ್ನು ಕೇಳಿದ. ಅಷ್ಟರಲ್ಲಿ ಎರಡು ಬೆರಳು ಮುಗಿದಿದ್ದವು.

ಒಂದು ತಾಸಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಕಾಗದ ಕೈಗೆ ಬಂತು. ಜಗಲಿಯ ಮೇಲೆ ನಿಂತೇ ಓದಿದೆ. ಊನ ನೂರಕ್ಕೆ ಐವತ್ತು. ಸಂತೆಯಲ್ಲಿ ಓಬಯ್ಯನಿಗೂ ಸೇರಿಸಿ ಒಗ್ಗರಣೆ ಮಂಡಕ್ಕಿ ಕೊಡಿಸಿದೆ.

ಊರು ದಾಟಿ ಹುಲ್ಲುಗಾವಲಿನ ನಡುವೆ ಗಾಡಿ ಸಾಗುವಾಗ ತಿಪ್ಪಣ್ಣ ಕೇಳಿದ: "ಪೂರ್ತಿ ಓದು ಲೇ. ಇನ್ನೇನು ಬರ್ದವ್ರೆ?"

"ಐವತ್ತು ಅಂತ ಹೇಳಿದ್ನಲ್ಲ."

"ಅಲ್ಲ, ಗಂಟಿನ ವಿಷ್ಯ. ಆರು ತಿಂಗಳು ಅವ್ವಂಗೂ ಗೊತ್ತಾಗ್ದಂಗೆ ಕದ್ದು ಕಲ್ತೀನಿ. ಅದನ್ನ ಬರ್ದಿಲ್ವಾ?"

ಐವತ್ತರ ಕೆಳಗೆ ಇದ್ದುದು ಒಂದೇ ಸಾಲು: ಈತನು ತನ್ನ ಕಸುಬನ್ನು ಇನ್ನು ಮಾಡಲಾರ. ಕಾಗದ ಬಿಡಿಸಿ, ಕನ್ನಡಕ ಏರಿಸಿಕೊಂಡು ಓದಿದೆ: "ಈತನು ಎಡಗೈಯಿಂದ ರೇಷ್ಮೆಯ ಎಳೆ ಕೂಡಿಸಿದ್ದನ್ನು ಕಣ್ಣಾರೆ ಕಂಡೆವು. ಗಂಟು ಬಹಳ ಗಟ್ಟಿಯಾಗಿತ್ತು."

ತಿಪ್ಪಣ್ಣ ನನ್ನ ಪಕ್ಕಕ್ಕೆ ಸರಿದು ಕೂತ.

"ಇನ್ನೊಂದ್ಸಲ ಓದು" ಎಂದ.

ಮೊದಲು ಹೇಳಿದ್ದರಲ್ಲಿ ಒಂದಕ್ಷರವೂ ವ್ಯತ್ಯಾಸವಾಗದಂತೆ ಇನ್ನೊಂದು ಸಲ ಓದಿದೆ.